ಕಿವಿಯೊಳಗಿನ ‘ಗುಂಯ್’ ಸದ್ದನ್ನು ಅಳೆಯುವುದು ಹೇಗೆ?

“ಡಾಕ್ಟ್ರೇ, ಕಿವೀಲಿ ಹಗಲೂ ರಾತ್ರಿ ಗುಂಯ್ ಅಂತಾನೇ ಇರುತ್ತೆ.” ಕಿವಿ, ಮೂಗು, ಗಂಟಲು ತಜ್ಞರ ಬಳಿ ಬರುವ ರೋಗಿಗಳಲ್ಲಿ ಹಲವರು ಹೇಳುವ ಮಾತಿದು. ಒಬ್ಬರಿಗೆ ಅದು ಜೀರುಂಡೆಯ ಸದ್ದು. ಇನ್ನೊಬ್ಬರಿಗೆ ಕುಕ್ಕರಿನಿಂದ ಹಬೆ ಹೊರಡುವಾಗಿನ ‘ಸುಂಯ್’. ಮತ್ತೊಬ್ಬರಿಗೆ ದೂರದಲ್ಲೆಲ್ಲೋ ಮಿಲ್ಲು ಓಡುತ್ತಿರುವಂಥ ಮೊರೆತ. ಪಕ್ಕದಲ್ಲಿ ಕುಳಿತ ಹೆಂಡತಿಗಾಗಲಿ, ಮಗನಿಗಾಗಲಿ ಮಾತ್ರ ಏನೂ ಕೇಳಿಸದು. “ನಿಮ್ಮದೆಲ್ಲಾ ಭ್ರಮೆ, ಸುಮ್ಮನಿರಿ” ಎಂಬ ಮಾತನ್ನು ಮನೆಯಲ್ಲಿ ಕೇಳಿ ಕೇಳಿ ಸಾಕಾಗಿಯೇ ಅನೇಕರು ಆಸ್ಪತ್ರೆಯ ಮೆಟ್ಟಿಲು ಹತ್ತಿರುತ್ತಾರೆ.

ಇದು ಭ್ರಮೆಯಲ್ಲ. ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲೋ ತಲೆಯಲ್ಲೋ ಸದ್ದು ಕೇಳಿಸುವ ಈ ತೊಂದರೆಗೆ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ‘ಕಿವಿಮೊರೆತ’ ಎಂಬ ಹೆಸರಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ ವಯಸ್ಕರಲ್ಲಿ ಶೇಕಡ ಸುಮಾರು 14 ಮಂದಿಗೆ ಯಾವುದಾದರೊಂದು ಬಗೆಯ ಕಿವಿಮೊರೆತದ ಅನುಭವವಿದೆ. ಅವರಲ್ಲಿ ಬಹುಪಾಲು ಜನ ಅದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಆದರೆ ವಯಸ್ಕರಲ್ಲಿ ಶೇಕಡ ಸುಮಾರು 2 ಮಂದಿಗೆ ಅದು ತೀವ್ರ ಸ್ವರೂಪದ್ದು. ನಿದ್ದೆ, ಕೆಲಸ, ನೆಮ್ಮದಿ ಮೂರನ್ನೂ ಕೆಡಿಸುವಂಥದು.

ಜ್ವರಕ್ಕೆ ಥರ್ಮಾಮೀಟರ್ ಇದೆ. ರಕ್ತದೊತ್ತಡಕ್ಕೆ ಯಂತ್ರವಿದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯಿದೆ. ಒಬ್ಬರಿಗೆ ಮಾತ್ರ ಕೇಳಿಸುವ ಸದ್ದಿನಿಂದ ಆ ಒಬ್ಬರಿಗೆ ಎಷ್ಟು ಹಿಂಸೆಯಾಗುತ್ತಿದೆ ಎಂದು ಅಳೆಯುವುದು ಹೇಗೆ? ಅದಕ್ಕೆ ಇರುವ ಸಾಧನ ಒಂದೇ: ರೋಗಿಯ ಮಾತು. ಆ ಮಾತನ್ನು ಕ್ರಮವಾಗಿ ಹೊರಡಿಸುವ ಪ್ರಶ್ನೆಗಳು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕಾದುದು ಏಕೆ, ಹಾಗೆ ಭಾಷೆ ಬದಲಿಸುವುದು ಎಷ್ಟು ನಾಜೂಕಿನ ಕೆಲಸ ಎಂಬುದನ್ನು ಈ ವಾರ ನೋಡೋಣ.

ಸದ್ದು ಎಲ್ಲಿಂದ ಬರುತ್ತದೆ?

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಒಂದು ಭಾಗವಿದೆ. ಅದೇ ಕಾಕ್ಲಿಯಾ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿವೆ. ಹೊರಗಿನ ಶಬ್ದದ ಕಂಪನವನ್ನು ಇವು ನರದ ಸಂಕೇತವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತವೆ. ವಯಸ್ಸಾದಂತೆ, ಇಲ್ಲವೇ ಅಬ್ಬರದ ಸದ್ದಿಗೆ ಸಿಕ್ಕಿ, ಈ ಕೋಶಗಳು ಒಂದೊಂದಾಗಿ ನಾಶವಾಗುತ್ತವೆ. ಒಮ್ಮೆ ಹೋದವು ಮತ್ತೆ ಹುಟ್ಟುವುದಿಲ್ಲ.

ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ಸುಮ್ಮನಿರುವುದಿಲ್ಲ. ದೂರದ ಸ್ಟೇಷನ್ ಸರಿಯಾಗಿ ಕೇಳದಿದ್ದಾಗ ನಾವು ರೇಡಿಯೋದ ವಾಲ್ಯೂಮ್ ಏರಿಸುತ್ತೇವಲ್ಲವೇ? ಆಗ ಹಾಡಿನ ಜೊತೆಗೆ ‘ಬುಸ್’ ಎಂಬ ಸದ್ದೂ ದೊಡ್ಡದಾಗುತ್ತದೆ. ಮಿದುಳೂ ಹಾಗೆಯೇ ತನ್ನ ವಾಲ್ಯೂಮನ್ನು ಏರಿಸಿಕೊಳ್ಳುತ್ತದೆ, ನರಗಳಲ್ಲಿ ಸಹಜವಾಗಿಯೇ ಇರುವ ಚಟುವಟಿಕೆ ಸದ್ದಾಗಿ ಕೇಳತೊಡಗುತ್ತದೆ ಎಂಬುದು ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಕಿವಿ ಚೆನ್ನಾಗಿರುವವರಲ್ಲಿಯೂ ಈ ಚಟುವಟಿಕೆ ಇದ್ದೇ ಇದೆ. 1953ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಶ್ರವಣಶಕ್ತಿ ಸರಿಯಾಗಿದ್ದ 80 ಜನರನ್ನು ಶಬ್ದವೇ ಬಾರದ ಕೋಣೆಯಲ್ಲಿ ಕೂರಿಸಿದಾಗ ಶೇಕಡ 94 ಮಂದಿ ತಮಗೆ ಏನೋ ಸದ್ದು ಕೇಳಿಸಿತು ಎಂದರು!

ಕಾರಣಗಳು ಇವಿಷ್ಟೇ ಅಲ್ಲ. ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಕಿವಿ ಸೋರುವ ಕಾಯಿಲೆ, ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಕ್ವಿನೈನ್ ಮುಂತಾದ ಕೆಲವು ಔಷಧಗಳು, ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಕಿವಿಮೊರೆತಕ್ಕೆ ಕಾರಣವಾಗಬಹುದು. ಆದ್ದರಿಂದ ಮೊದಲು ಕಿವಿ ಪರೀಕ್ಷೆ, ಶ್ರವಣ ಪರೀಕ್ಷೆ ಆಗಲೇಬೇಕು.

ಯಂತ್ರ ಹೇಳದ ಸಂಗತಿ

ಶ್ರವಣ ಪರೀಕ್ಷೆಯ ಯಂತ್ರದಿಂದ ಕಿವಿಮೊರೆತವನ್ನು ಒಂದಿಷ್ಟು ಅಂದಾಜು ಮಾಡಬಹುದು. ತಜ್ಞರು ಬೇರೆ ಬೇರೆ ಸ್ವರಗಳನ್ನು ಕೇಳಿಸುತ್ತಾ “ನಿಮ್ಮ ಕಿವಿಯ ಸದ್ದು ಇದರಂತಿದೆಯೇ?” ಎಂದು ಕೇಳಿ ಅದರ ಸ್ಥಾಯಿಯನ್ನೂ ಜೋರನ್ನೂ ಗುರುತಿಸುತ್ತಾರೆ. ಇಲ್ಲಿ ಒಂದು ಸೋಜಿಗವಿದೆ. “ತಲೆ ಒಡೆದುಹೋಗುವಂತಿದೆ” ಎನ್ನುವವರ ಸದ್ದು ಕೂಡ ಯಂತ್ರದ ಅಳತೆಯಲ್ಲಿ ಸಾಮಾನ್ಯವಾಗಿ ಅವರ ಕಿವಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಕೆಲವೇ ಡೆಸಿಬೆಲ್ ಹೆಚ್ಚಿರುತ್ತದೆ. ಅಷ್ಟೇ ಜೋರಿನ ಸದ್ದಿರುವ ಇಬ್ಬರಲ್ಲಿ ಒಬ್ಬರು ಅದನ್ನು ಮರೆತು ಹೊಲದ ಕೆಲಸ ನೋಡಿಕೊಂಡಿದ್ದರೆ, ಇನ್ನೊಬ್ಬರು ರಾತ್ರಿಯೆಲ್ಲ ಎದ್ದು ಕುಳಿತಿರುತ್ತಾರೆ. ಅಂದರೆ ಸದ್ದಿನ ಜೋರು ಬೇರೆ, ಅದರ ಬಾಧೆ ಬೇರೆ. ಚಿಕಿತ್ಸೆ ಬೇಕಾಗಿರುವುದು ಬಾಧೆಗೆ.

ಇಪ್ಪತ್ತೈದು ಪ್ರಶ್ನೆಗಳ ಅಳತೆಗೋಲು

ಈ ಬಾಧೆಯನ್ನು ಅಳೆಯಲೆಂದೇ 1996ರಲ್ಲಿ ಅಮೆರಿಕದ ನ್ಯೂಮನ್, ಜೇಕಬ್‌ಸನ್ ಮತ್ತು ಸ್ಪಿಟ್ಜರ್ ಎಂಬ ತಜ್ಞರು ‘ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ’ ಎಂಬ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ 25 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ‘ಹೌದು’, ‘ಕೆಲವೊಮ್ಮೆ’, ‘ಇಲ್ಲ’ ಎಂಬ ಮೂರೇ ಉತ್ತರ. ‘ಹೌದು’ ಎಂದರೆ 4 ಅಂಕ, ‘ಕೆಲವೊಮ್ಮೆ’ ಎಂದರೆ 2, ‘ಇಲ್ಲ’ ಎಂದರೆ ಸೊನ್ನೆ. ಒಟ್ಟು ಅಂಕ ಸೊನ್ನೆಯಿಂದ 100ರವರೆಗೆ. ಇಲ್ಲಿ ಹೆಚ್ಚು ಅಂಕ ಬಂದರೆ ಹೆಚ್ಚು ತೊಂದರೆ ಎಂದರ್ಥ.

ಪ್ರಶ್ನೆಗಳು ಮೂರು ಬಗೆಯವು. ಓದು, ಕೆಲಸ, ನಿದ್ದೆ, ಜನರೊಡನೆ ಒಡನಾಟ ಇವುಗಳಿಗೆ ಆಗುವ ಅಡ್ಡಿಯನ್ನು ಕುರಿತವು 12. ಸಿಟ್ಟು, ದುಃಖ, ಆತಂಕಗಳನ್ನು ಕುರಿತವು 8. ‘ಇನ್ನು ತಡೆಯಲಾರೆ’ ಎಂಬ ಹಂತದ ಭಾವನೆಗಳನ್ನು ಕುರಿತವು 5. ಬಂದ ಅಂಕವನ್ನು 2001ರಲ್ಲಿ ಬ್ರಿಟನ್ನಿನ ತಜ್ಞರು ಸೂಚಿಸಿದ ಐದು ದರ್ಜೆಗಳಲ್ಲಿ ಇಟ್ಟು ನೋಡುವುದು ವಾಡಿಕೆ. 16ರವರೆಗೆ ಅತ್ಯಲ್ಪ, 18ರಿಂದ 36 ಅಲ್ಪ, 38ರಿಂದ 56 ಮಧ್ಯಮ, 58ರಿಂದ 76 ತೀವ್ರ, 78ರಿಂದ 100 ಅತಿ ತೀವ್ರ.

ಬಿಡಿಸಲು ಹತ್ತು ನಿಮಿಷ ಸಾಕು, ಖರ್ಚಿಲ್ಲ, ಯಂತ್ರ ಬೇಕಿಲ್ಲ. ಹೀಗಾಗಿ ಈ ಪ್ರಶ್ನಾವಳಿ ಬೇಗನೆ ಲೋಕಪ್ರಿಯವಾಯಿತು. ಡ್ಯಾನಿಷ್, ಸ್ಪ್ಯಾನಿಷ್, ಪೋರ್ಚುಗೀಸ್, ತುರ್ಕಿ, ಇಟಾಲಿಯನ್, ಚೀನಿ ಮುಂತಾದ ಭಾಷೆಗಳಿಗೆ ಹೋಯಿತು. 2010ರ ದಶಕದಲ್ಲಿ ನಮ್ಮ ರಾಜ್ಯದ ಶ್ರವಣತಜ್ಞರು ಇದನ್ನು ಕನ್ನಡಕ್ಕೂ ಅಳವಡಿಸಿ, ರೋಗಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು.

“ಇಂಗ್ಲಿಷ್ ಬಲ್ಲವರು ಒಂದು ಸಂಜೆ ಕುಳಿತರೆ 25 ಪ್ರಶ್ನೆ ಕನ್ನಡಕ್ಕೆ ಬರುವುದಿಲ್ಲವೇ? ಅದಕ್ಕೆ ಪರೀಕ್ಷೆ ಏಕೆ?” ಎಂದು ಓದುಗರು ಕೇಳಬಹುದು. ಉತ್ತರಕ್ಕೆ ನಮ್ಮ ಹಾಸನ ಜಿಲ್ಲೆಯದೇ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಕಟ್ಟಾಯದ ಯಜಮಾನರು

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ರೈತರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ಅರವತ್ತೆರಡು. ವರ್ಷಗಟ್ಟಲೆ ಟಿಲ್ಲರ್ ಹೊಡೆದು, ಒಕ್ಕಣೆ ಯಂತ್ರದ ಪಕ್ಕದಲ್ಲಿ ನಿಂತು ದುಡಿದವರು. ಕಿವಿ ಸ್ವಲ್ಪ ಮಂದ, ಜೊತೆಗೆ ಎರಡು ವರ್ಷದಿಂದ ‘ಗುಂಯ್’. ಓದಿದ್ದು ನಾಲ್ಕನೇ ತರಗತಿ. ಹಾಸನದ ಯಾವುದೋ ಕ್ಲಿನಿಕ್ಕಿಗೆ ಮಗನೊಡನೆ ಬಂದಿದ್ದಾರೆ. ಕೈಗೆ ಇಂಗ್ಲಿಷ್ ಪ್ರಶ್ನಾವಳಿ ಬಂತು. ಕಾಲೇಜು ಓದಿದ ಮಗ ಒಂದೊಂದೇ ಪ್ರಶ್ನೆಯನ್ನು ತನಗೆ ತೋಚಿದಂತೆ ಕನ್ನಡ ಮಾಡಿ ಕೇಳುತ್ತಾನೆ, ಅಪ್ಪ ಹೇಳಿದ್ದನ್ನು ಗುರುತು ಹಾಕುತ್ತಾನೆ. ನೋಡುವುದಕ್ಕೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎಡವಟ್ಟು ಆಗುವುದು ಇಲ್ಲಿಯೇ.

‘ಇಲ್ಲ’ ಎಂದರೆ ಹೌದೋ, ಇಲ್ಲವೋ?

ಮಗ ಕೇಳುತ್ತಾನೆ: “ಅಪ್ಪಾ, ಈ ಸದ್ದಿನಿಂದ ರಾತ್ರಿ ನಿದ್ದೆ ಬರಲ್ವಾ?” ಅಪ್ಪ ಹೇಳುತ್ತಾರೆ: “ಇಲ್ಲ ಕಣಪ್ಪ.” ಅಂದರೆ ನಿದ್ದೆ ಬರುವುದಿಲ್ಲ ಎಂದೇ ಅರ್ಥ. ಕನ್ನಡದಲ್ಲಿ ನಾವು ಮಾತನಾಡುವುದೇ ಹಾಗೆ. ಆದರೆ ಹಾಳೆಯ ಮೇಲೆ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಬಿದ್ದರೆ ‘ನಿದ್ದೆಗೆ ಯಾವ ತೊಂದರೆಯೂ ಇಲ್ಲ’ ಎಂದಾಗುತ್ತದೆ. 4 ಅಂಕ ಬರಬೇಕಾದಲ್ಲಿ ಸೊನ್ನೆ ಬಂತು.

ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಸಂಗತಿ ಇಲ್ಲವಾದರೆ ‘ನೋ’, ಇದ್ದರೆ ‘ಎಸ್’ ಎನ್ನುವುದು ರೂಢಿ. ಎಸ್ ಎಂದರೆ ಎಸ್ಸೇ. ಕನ್ನಡದಲ್ಲಿ ನಿಷೇಧದ ಪ್ರಶ್ನೆಗೆ ‘ಇಲ್ಲ’ ಎಂದರೂ ‘ಹೌದು’ ಎಂದರೂ ಒಮ್ಮೊಮ್ಮೆ ಒಂದೇ ಅರ್ಥ ಬರುತ್ತದೆ. “ಊಟ ಆಗಿಲ್ವಾ?” ಎಂದರೆ ಒಬ್ಬರು “ಇಲ್ಲ, ಆಗಿಲ್ಲ” ಎನ್ನುತ್ತಾರೆ, ಇನ್ನೊಬ್ಬರು “ಹೌದು, ಆಗಿಲ್ಲ” ಎನ್ನುತ್ತಾರೆ. ಎದುರು ಬದುರು ಮಾತನಾಡುವಾಗ ಇದು ತೊಡಕಾಗುವುದಿಲ್ಲ. ಮೂರೇ ಚೌಕಗಳಿರುವ ಹಾಳೆಯಲ್ಲಿ ತೊಡಕಾಗುತ್ತದೆ.

ಮೂಲ ಪ್ರಶ್ನಾವಳಿಯಲ್ಲಿ ನಿಷೇಧದ ಧಾಟಿಯ ಪ್ರಶ್ನೆಗಳು ಕೆಲವಿವೆ. ಸದ್ದಿನಿಂದ ತಪ್ಪಿಸಿಕೊಳ್ಳಲಾಗದು, ಅದು ತನ್ನ ಹತೋಟಿಯಲ್ಲಿಲ್ಲ, ಇನ್ನು ನಿಭಾಯಿಸಲಾಗದು ಎಂಬ ಭಾವನೆಗಳನ್ನು ಕೇಳುವವು ಅಂಥವು. ‘ಕಷ್ಟ’ ಎಂಬ ಪದವಿರುವ ಇತರ ಪ್ರಶ್ನೆಗಳೂ ಆಡುಮಾತಿಗೆ ಬಂದಾಗ ‘ಆಗಲ್ವಾ’, ‘ಬರಲ್ವಾ’, ‘ಕೇಳಲ್ವಾ’ ಎಂದು ತಾವಾಗಿಯೇ ನಿಷೇಧದ ರೂಪ ತಾಳುತ್ತವೆ. ಇದಕ್ಕೆ ಉಪಾಯ ಪ್ರಶ್ನೆಯ ಮುಖವನ್ನೇ ತಿರುಗಿಸುವುದು. “ನಿದ್ದೆ ಬರಲ್ವಾ?” ಎನ್ನುವ ಬದಲು “ನಿದ್ದೆ ಹತ್ತುವುದು ಕಷ್ಟವಾಗುತ್ತದೆಯೇ?” ಎನ್ನಬೇಕು. “ನಿಮ್ಮ ಹತೋಟಿಯಲ್ಲಿಲ್ಲವೇ?” ಎನ್ನುವ ಬದಲು “ನಿಮ್ಮ ಹತೋಟಿ ಮೀರಿದೆ ಎನಿಸುತ್ತದೆಯೇ?” ಎನ್ನಬೇಕು. ಆಗ ‘ಹೌದು’ ಎಂದರೆ ಒಂದೇ ಅರ್ಥ.

ಒಂದು ‘ಬೇಜಾರು’, ನಾಲ್ಕು ಅರ್ಥ

ಎರಡನೆಯ ತೊಡಕು ಮನಸ್ಸಿನ ಸ್ಥಿತಿಯನ್ನು ಹೇಳುವ ಪದಗಳದು. ಮೂಲದಲ್ಲಿ ಸಿಟ್ಟು, ಸಿಡುಕು, ಹತಾಶೆ, ಖಿನ್ನತೆ, ಆತಂಕ, ಅಭದ್ರತೆ ಮುಂತಾದವಕ್ಕೆ ಬೇರೆ ಬೇರೆ ಪ್ರಶ್ನೆಗಳಿವೆ. ನಮ್ಮ ಕಡೆ ಇವುಗಳಲ್ಲಿ ಅರ್ಧಕ್ಕರ್ಧವನ್ನು ‘ಬೇಜಾರು’ ಎಂಬ ಒಂದೇ ಮಾತು ಹೊತ್ತುಕೊಂಡಿದೆ. ಕೆಲಸವಿಲ್ಲದೆ ಕುಳಿತರೂ ಬೇಜಾರು, ಸಾವಿನ ಸುದ್ದಿ ಕೇಳಿದರೂ ಬೇಜಾರು, ನೆಂಟರು ಮಾತನಾಡಿಸದಿದ್ದರೂ ಬೇಜಾರು, ಒಂದೇ ಕೆಲಸ ಮಾಡಿ ಮಾಡಿ ಸಾಕಾದರೂ ಬೇಜಾರು. ನಾಲ್ಕು ಪ್ರಶ್ನೆಗಳಿಗೂ “ಬೇಜಾರಾಗುತ್ತಾ?” ಎಂದೇ ಕೇಳಿದರೆ ರೋಗಿ ನಾಲ್ಕಕ್ಕೂ ಒಂದೇ ಉತ್ತರ ಕೊಡುತ್ತಾನೆ. ಒಂದು ಪ್ರಶ್ನೆಯನ್ನು ನಾಲ್ಕು ಸಲ ಕೇಳಿದಂತಾಯಿತೇ ಹೊರತು ಬೇರೇನೂ ತಿಳಿಯಲಿಲ್ಲ.

ಹಾಗೆಂದು ಪುಸ್ತಕದ ಪದಗಳಿಗೆ ಮೊರೆಹೋದರೆ ಇನ್ನೊಂದು ಫಜೀತಿ. ‘ಏಕಾಗ್ರತೆಗೆ ಭಂಗವುಂಟಾಗುತ್ತದೆಯೇ?’, ‘ಖಿನ್ನತೆಗೆ ಒಳಗಾಗಿದ್ದೀರಾ?’ ಎಂದರೆ ಮೇಷ್ಟರಿಗೆ ಅರ್ಥವಾದೀತು, ಹೊಲದಿಂದ ನೇರವಾಗಿ ಬಂದವರಿಗೆ ಆಗದು. ಅರ್ಥವಾಗದಿದ್ದರೂ ದೊಡ್ಡವರು ಕೇಳುತ್ತಿದ್ದಾರೆಂಬ ಮರ್ಯಾದೆಗೆ “ಹ್ಞೂಂ ಸಾರ್” ಎಂದುಬಿಡುವವರು ನಮ್ಮಲ್ಲಿ ಬಹಳ. ‘ಮನಸ್ಸಿಟ್ಟು ಕೆಲಸ ಮಾಡುವುದು ಕಷ್ಟವಾಗುತ್ತದೆಯೇ’, ‘ಸಣ್ಣದಕ್ಕೂ ರೇಗುವಂತಾಗುತ್ತದೆಯೇ’, ‘ಏನು ಮಾಡಿದರೂ ಪ್ರಯೋಜನವಿಲ್ಲ ಎನಿಸುತ್ತದೆಯೇ’, ‘ಎದೆಯಲ್ಲಿ ಕಳವಳ ಆಗುತ್ತದೆಯೇ’ ಎಂಬಂಥ ಮಾತುಗಳು ಮೇಷ್ಟರಿಗೂ ಸಲ್ಲುತ್ತವೆ, ರೈತರಿಗೂ ಸಲ್ಲುತ್ತವೆ. ಪ್ರಶ್ನಾವಳಿಗೆ ಬೇಕಾದುದು ಇಂಥ ಕನ್ನಡ.

ಕಾಯಿಲೆಯ ಭಯವನ್ನು ಕುರಿತ ಪ್ರಶ್ನೆಯೂ ಇದೆ. ‘ದೊಡ್ಡ ಕಾಯಿಲೆ’ ಎಂದು ಭಾಷಾಂತರಿಸಿದರೆ ಹಳ್ಳಿಯಲ್ಲಿ ಜನರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. “ನನಗೆ ಅದು ಇದೆಯೇನೋ, ಡಾಕ್ಟ್ರು ಸುತ್ತಿ ಬಳಸಿ ಕೇಳುತ್ತಿದ್ದಾರೆ” ಎಂದು ಇಲ್ಲದ ದಿಗಿಲು ಹುಟ್ಟಬಹುದು. ಪ್ರಶ್ನೆಯೇ ರೋಗವನ್ನು ಹೆಚ್ಚಿಸಬಾರದು.

ಹೋಟೆಲ್ ಊಟ, ಸಿನಿಮಾ ಮತ್ತು ಬೀಗರ ಮನೆ

ಮೂರನೆಯದು ಬದುಕಿನ ರೀತಿಯ ವ್ಯತ್ಯಾಸ. ಜನರೊಡನೆ ಬೆರೆಯುವ ಸಂತೋಷಕ್ಕೆ ಅಡ್ಡಿಯಾಗುತ್ತದೆಯೇ ಎಂದು ಕೇಳುವಾಗ ಅಮೆರಿಕದ ತಜ್ಞರು ಹೊರಗೆ ಊಟಕ್ಕೆ ಹೋಗುವುದನ್ನು, ಸಿನಿಮಾ ನೋಡುವುದನ್ನು ಉದಾಹರಿಸಿದ್ದಾರೆ. ಕಟ್ಟಾಯದ ಯಜಮಾನರು ಸಿನಿಮಾ ನೋಡದೆ ಹತ್ತು ವರ್ಷವಾಗಿರಬಹುದು. ಅದಕ್ಕೆ ಕಾರಣ ಕಿವಿಯ ಸದ್ದಲ್ಲ. ಅವರು “ಇಲ್ಲ” ಎಂದರೆ ಅದಕ್ಕೆ ಬೆಲೆಯಿಲ್ಲ. ಮದುವೆ ಮನೆ, ಜಾತ್ರೆ, ಸಂತೆ, ಬೀಗರ ಊಟ, ಸಂಘದ ಸಭೆ, ಅರಳಿಕಟ್ಟೆಯ ಹರಟೆ ಇವುಗಳಿಗೆ ಹೋಗಲು ಹಿಂಜರಿಯುತ್ತಾರೆಯೇ ಎಂದು ಕೇಳಿದರೆ ನಿಜ ಹೊರಬರುತ್ತದೆ. ‘ಸಾಮಾಜಿಕ ಚಟುವಟಿಕೆ’ ಎಂಬ ಅಚ್ಚುಕಟ್ಟಾದ ಪದವನ್ನು ಬಳಸಿದರೋ, ಸಮಾಜಸೇವೆ ಎಂದುಕೊಂಡು “ಅದೆಲ್ಲಾ ನಮಗೆ ಬರಕ್ಕಿಲ್ಲ ಸ್ವಾಮಿ” ಎಂದಾರು.

ಓದುವುದಕ್ಕೆ ಅಡ್ಡಿಯಾಗುತ್ತದೆಯೇ ಎಂಬ ಪ್ರಶ್ನೆಯೂ ಹಾಗೆಯೇ. ಓದು ಬಾರದವರಿಗೆ, ಓದುವ ಅಭ್ಯಾಸವಿಲ್ಲದವರಿಗೆ ಅದನ್ನು ಹೇಗೆ ಕೇಳಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆಯಾ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೇಳಿದರೆ ಅಳತೆ ಕೆಡುತ್ತದೆ.

ಎಲ್ಲವೂ ತೊಡಕೇ ಎಂದೇನಲ್ಲ. ಇಂಗ್ಲಿಷಿನಲ್ಲಿ ನೌಕರಿಯನ್ನೂ ಮನೆಗೆಲಸವನ್ನೂ ಎರಡು ಪದಗಳಲ್ಲಿ ಹೇಳಬೇಕು. ನಮ್ಮ ‘ಕೆಲಸ’ ಎಂಬ ಒಂದೇ ಪದದಲ್ಲಿ ಆಫೀಸೂ ಬಂತು, ಹೊಲವೂ ಬಂತು, ಅಡುಗೆಮನೆಯೂ ಬಂತು. ಸದ್ದುಗಳನ್ನು ಹೇಳುವುದರಲ್ಲಂತೂ ಕನ್ನಡ ಶ್ರೀಮಂತ. ಗುಂಯ್, ಸುಂಯ್, ಜುಂಯ್, ಕೀಂಚ್, ಭೋರ್, ಟಿಕ್ ಟಿಕ್, ಡಬ್ ಡಬ್ ಎಂದು ರೋಗಿ ಹೇಳುವ ಒಂದೊಂದು ಅನುಕರಣ ಶಬ್ದವೂ ವೈದ್ಯರಿಗೆ ಒಂದೊಂದು ಸುಳಿವು.

ಇನ್ನು ಮನೆಯವರೊಡನೆ ಸಂಬಂಧ ಹದಗೆಟ್ಟಿದೆಯೇ ಎಂಬ ಪ್ರಶ್ನೆ. ಅತ್ತೆಯೋ ಗಂಡನೋ ಪಕ್ಕದಲ್ಲಿ ಕುಳಿತಿರುವಾಗ ಸೊಸೆಯನ್ನು ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಪದ ಸರಿಯಿದ್ದರೆ ಸಾಲದು, ಕೇಳುವ ಸಂದರ್ಭವೂ ಸರಿಯಿರಬೇಕು.

ಭಾಷಾಂತರಕ್ಕೂ ಒಂದು ಕ್ರಮವಿದೆ

ಇಂಥ ತಪ್ಪುಗಳನ್ನು ತಡೆಯಲೆಂದು ಆರೋಗ್ಯದ ಪ್ರಶ್ನಾವಳಿಗಳನ್ನು ಬೇರೆ ಭಾಷೆಗೆ ತರುವುದಕ್ಕೆ ಅಂತಾರಾಷ್ಟ್ರೀಯ ಕ್ರಮವೊಂದು ರೂಢಿಗೆ ಬಂದಿದೆ. 2000ದಲ್ಲಿ ಪ್ರಕಟವಾದ ಮಾರ್ಗಸೂಚಿಯೊಂದು ಹೆಚ್ಚು ಬಳಕೆಯಲ್ಲಿದೆ. ಕಿವಿಗೆ ಸಂಬಂಧಿಸಿದ ಪ್ರಶ್ನಾವಳಿಗಳಿಗಾಗಿಯೇ ತಜ್ಞರು 2018ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನೂ ಹೊರತಂದಿದ್ದಾರೆ. ಅವುಗಳ ಸಾರ ಹೀಗಿದೆ:

1. ಮೂಲ ಕರ್ತೃಗಳ ಅನುಮತಿ ಪಡೆಯಬೇಕು.

2. ಇಬ್ಬರು ಬೇರೆ ಬೇರೆಯಾಗಿ ಭಾಷಾಂತರಿಸಬೇಕು. ಅವರಲ್ಲಿ ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ವೈದ್ಯಕೀಯದ ಗಂಧವಿಲ್ಲದವರು. ಎರಡನೆಯವರ ಮಾತು ಜನರ ಮಾತಿಗೆ ಹತ್ತಿರವಿರುತ್ತದೆ. ಆಮೇಲೆ ಎರಡನ್ನೂ ಕೂಡಿಸಿ ಒಂದು ಮಾಡಬೇಕು.

3. ಮೂಲವನ್ನು ಕಂಡಿರದ ಬೇರೆ ಇಬ್ಬರು ಈ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಇದು ಗುಣಿಸಿದ ಲೆಕ್ಕವನ್ನು ಭಾಗಿಸಿ ತಾಳೆ ನೋಡಿದಂತೆ. ಮೂಲದಲ್ಲಿದ್ದ ‘ಹತಾಶೆಯ ಸಿಡಿಮಿಡಿ’ ಕನ್ನಡದಲ್ಲಿ ‘ನಿರಾಶೆ’ಯಾಗಿ, ಮರಳಿ ಇಂಗ್ಲಿಷಿಗೆ ‘ಆಸೆ ಕಳೆದುಕೊಂಡವರು’ ಎಂದು ಬಂದರೆ ಎಲ್ಲೋ ಜಾರಿದೆ ಎಂದು ತಿಳಿಯುತ್ತದೆ.

4. ಭಾಷಾಂತರಕಾರರು, ವೈದ್ಯರು, ಶ್ರವಣತಜ್ಞರು, ಭಾಷಾತಜ್ಞರು ಒಟ್ಟಿಗೆ ಕುಳಿತು ಒಂದೊಂದು ಪದವನ್ನೂ ಚರ್ಚಿಸಬೇಕು.

5. 30ರಿಂದ 40 ಮಂದಿ ರೋಗಿಗಳಿಗೆ ಕೊಟ್ಟು, “ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತು?” ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಎಡವಿದ ಕಡೆ ತಿದ್ದಬೇಕು.

6. ಕೊನೆಗೆ ಹೆಚ್ಚು ರೋಗಿಗಳ ಮೇಲೆ ಬಳಸಿ ಅಳತೆಗೋಲು ನೆಟ್ಟಗಿದೆಯೇ ಎಂದು ಲೆಕ್ಕ ಹಾಕಬೇಕು. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ? ಸ್ಥಿತಿ ಬದಲಾಗದ ರೋಗಿಗೆ ಕೆಲವು ದಿನ ಬಿಟ್ಟು ಮತ್ತೆ ಕೊಟ್ಟರೆ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆಯೇ? ಇಂಗ್ಲಿಷ್ ಮೂಲದಲ್ಲಿ ಪ್ರಶ್ನೆಗಳ ಹೊಂದಾಣಿಕೆಯ ಸೂಚ್ಯಂಕ 0.93 ಇತ್ತು. 1 ಎಂದರೆ ಪರಿಪೂರ್ಣ, 0.7ಕ್ಕಿಂತ ಮೇಲಿದ್ದರೆ ಒಪ್ಪಬಹುದು ಎಂಬುದು ವಾಡಿಕೆ.

ಇಷ್ಟೆಲ್ಲ ಆದ ಮೇಲೂ ಒಂದು ಮಾತು ಉಳಿಯುತ್ತದೆ. ಕನ್ನಡ ಎಂದರೆ ಒಂದೇ ಕನ್ನಡವಲ್ಲ. ಹಾಸನದ ಕನ್ನಡ, ಧಾರವಾಡದ ಕನ್ನಡ, ಕಲಬುರಗಿಯ ಕನ್ನಡ, ಕಾಸರಗೋಡಿನ ಕನ್ನಡ ಒಂದೊಂದಕ್ಕೂ ಅದರದೇ ಪದಗಳಿವೆ. ಒಂದು ಊರಿನಲ್ಲಿ ಸಿದ್ಧವಾದ ಹಾಳೆಯನ್ನು ಇನ್ನೊಂದು ಸೀಮೆಗೆ ಒಯ್ದಾಗ ಅಲ್ಲಿಯ ಕೆಲವರ ಮುಂದೆ ಓದಿ ನೋಡುವುದು ಲೇಸು.

ಅಂಕ ತಪ್ಪಿದರೆ ಏನಾಗುತ್ತದೆ?

ನಮ್ಮ ಯಜಮಾನರ ನಿಜವಾದ ಅಂಕ 62 ಎಂದಿಟ್ಟುಕೊಳ್ಳಿ, ಅಂದರೆ ‘ತೀವ್ರ’. ಮೂರು ಪ್ರಶ್ನೆಗಳಲ್ಲಿ ‘ಇಲ್ಲ’ದ ಗೊಂದಲವಾದರೆ 12 ಅಂಕ ಕಡಿಮೆಯಾಗಿ 50ಕ್ಕೆ ಇಳಿಯುತ್ತದೆ, ಅಂದರೆ ‘ಮಧ್ಯಮ’. ಬೇಗ ಸಿಗಬೇಕಾಗಿದ್ದ ನೆರವು ತಡವಾಗಬಹುದು.

ಇನ್ನೂ ಒಂದು ಅಪಾಯವಿದೆ. ಮೊದಲ ಸಲ ಮಗಳು ಸರಿಯಾಗಿ ಕೇಳಿ 62 ಬಂತು, ಮೂರು ತಿಂಗಳ ಚಿಕಿತ್ಸೆಯ ನಂತರ ಮಗ ತನ್ನ ರೀತಿಯಲ್ಲಿ ಕೇಳಿ 50 ಬಂತು ಎನ್ನಿ. ಕಾಯಿಲೆ ಇದ್ದಲ್ಲಿಯೇ ಇದೆ. ಆದರೆ ಹಾಳೆ ನೋಡಿದವರು “ಗುಣ ಕಾಣುತ್ತಿದೆ, ಇದೇ ಚಿಕಿತ್ಸೆ ಮುಂದುವರಿಯಲಿ” ಎನ್ನುತ್ತಾರೆ. 7 ಅಂಕ ಇಳಿದರೆ ರೋಗಿಗೆ ತಿಳಿಯುವಷ್ಟು ಸುಧಾರಣೆ ಎಂದು 2011ರ ಅಧ್ಯಯನವೊಂದು ಹೇಳಿತ್ತು. ಮೂಲ ಕರ್ತೃಗಳು 1998ರಲ್ಲಿ 20 ಅಂಕದಷ್ಟಾದರೂ ಬದಲಾದರೆ ಮಾತ್ರ ನಂಬಬಹುದು ಎಂದಿದ್ದರು. ಭಾಷೆಯ ತಪ್ಪೊಂದರಿಂದಲೇ 12 ಅಂಕ ಅತ್ತಿತ್ತ ಆಗುವುದಾದರೆ, ಗುಣವಾದದ್ದು ಯಾವುದು, ಭ್ರಮೆ ಯಾವುದು ಎಂದು ತಿಳಿಯುವ ಬಗೆ ಹೇಗೆ?

ಉತ್ತರಿಸುವವರಿಗೆ ಕಿವಿಮಾತು

* ಕನ್ನಡದ ಪ್ರಶ್ನಾವಳಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಅರ್ಥವಾಗದ ಪ್ರಶ್ನೆಗೆ “ಹ್ಞೂಂ” ಎನ್ನಬೇಡಿ. “ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ” ಎನ್ನಿ.

* ಬರಿಯ ‘ಹೌದು’, ‘ಇಲ್ಲ’ ಎನ್ನದೆ ವಾಕ್ಯ ಪೂರ್ತಿ ಮಾಡಿ. “ಇಲ್ಲ, ನಿದ್ದೆ ಬರುವುದಿಲ್ಲ”, “ಇಲ್ಲ, ನಿದ್ದೆಗೇನೂ ತೊಂದರೆಯಿಲ್ಲ” ಎಂದರೆ ಗುರುತು ಹಾಕುವವರಿಗೆ ಅನುಮಾನ ಉಳಿಯದು. ತಲೆಯಾಡಿಸಿ ಬಿಡಬೇಡಿ.

* ಪ್ರಶ್ನೆ ಕಿವಿಯ ಸದ್ದಿನಿಂದ ಆಗುವ ತೊಂದರೆಯನ್ನು ಮಾತ್ರ ಕುರಿತದ್ದು. ಮಂಡಿನೋವಿನಿಂದಲೋ ಸಾಲದ ಚಿಂತೆಯಿಂದಲೋ ನಿದ್ದೆ ಕೆಟ್ಟಿದ್ದರೆ ಅದನ್ನು ಬೇರೆಯಾಗಿ ಹೇಳಿ.

* ಮನೆಯವರು ಪ್ರಶ್ನೆ ಓದಿ ಹೇಳಬಹುದು, ಉತ್ತರ ಹೇಳಿಕೊಡಬಾರದು. “ಅಷ್ಟೇನಿಲ್ಲ ಬಿಡಿ ಡಾಕ್ಟ್ರೇ” ಎಂದು ನಡುವೆ ಬಾಯಿ ಹಾಕುವುದು ಬೇಡ. ಸದ್ದು ಕೇಳಿಸುತ್ತಿರುವುದು ನಿಮಗಲ್ಲ.

* ಮುಂದಿನ ಭೇಟಿಯಲ್ಲಿಯೂ ಅದೇ ಹಾಳೆ, ಸಾಧ್ಯವಾದರೆ ಅದೇ ವ್ಯಕ್ತಿ ಇರಲಿ. ಹಿಂದಿನ ಹಾಳೆಯನ್ನು ಜೋಪಾನವಾಗಿಡಿ.

ಚಿಕಿತ್ಸೆ ಏನು?

ಕಿವಿಮೊರೆತವನ್ನು ಅಳಿಸಿಹಾಕುವ ಮಾತ್ರೆ ಇಂದಿಗೂ ಇಲ್ಲ. ಜಾಹೀರಾತು ನೋಡಿ ಹಣ ಕಳೆದುಕೊಳ್ಳಬೇಡಿ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಗಿಂಕೊ, ಸತು ಮುಂತಾದವನ್ನು ಇದಕ್ಕಾಗಿ ಕೊಡುವುದು ಬೇಡ ಎಂದಿದೆ. ಹಾಗೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಗುಗ್ಗೆಯೋ ಸೋಂಕೋ ಕಾರಣವಾಗಿದ್ದರೆ ಅದನ್ನು ಸರಿಪಡಿಸಬಹುದು. ಕಿವುಡುತನವೂ ಇದ್ದರೆ ಶ್ರವಣಯಂತ್ರ ಹಾಕಿಕೊಂಡಾಗ ಹೊರಗಿನ ಸದ್ದು ಚೆನ್ನಾಗಿ ಕೇಳಿ ಒಳಗಿನ ಸದ್ದು ಹಿಂದೆ ಸರಿಯುತ್ತದೆ. ನಿಶ್ಶಬ್ದದಲ್ಲಿ ಮೊರೆತ ಹೆಚ್ಚು ಕಾಡುವುದರಿಂದ ರಾತ್ರಿ ಫ್ಯಾನಿನ ಸದ್ದೋ ಮೆಲುದನಿಯ ರೇಡಿಯೋವೋ ಇದ್ದರೆ ಹಿತ. ಸದ್ದನ್ನು ಕುರಿತ ಭಯವನ್ನೂ ಯೋಚನೆಯ ರೀತಿಯನ್ನೂ ತಿದ್ದುವ ಮನಶ್ಶಾಸ್ತ್ರೀಯ ಚಿಕಿತ್ಸೆಯಿಂದ ಬಾಧೆ ಕಡಿಮೆಯಾಗುತ್ತದೆ ಎಂಬುದಕ್ಕೆ ಬೇರೆಲ್ಲ ಚಿಕಿತ್ಸೆಗಳಿಗಿಂತ ಹೆಚ್ಚು ಆಧಾರವಿದೆ. ಟಿಲ್ಲರ್, ಮಿಲ್ಲು, ಮರ ಕೊಯ್ಯುವ ಯಂತ್ರದ ಬಳಿ ದುಡಿಯುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಲಿ. 85 ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕಳೆಯುವುದು ಕಿವಿಗೆ ಹಾನಿ.

ಕಿವಿಯ ಪರೀಕ್ಷೆಗೆ ಕಟ್ಟಾಯ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯವರಿಗೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿ ತೊಡಗಿದೆ.

ತಡಮಾಡಬಾರದ ಲಕ್ಷಣಗಳು

ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿ ಬಡಿತದಂತೆ ‘ಡಬ್ ಡಬ್’ ಎನ್ನುತ್ತಿದ್ದರೆ, ಜೊತೆಗೆ ತಲೆಸುತ್ತು, ಕಿವಿಯಲ್ಲಿ ಕೀವು ಅಥವಾ ಮುಖ ಸೊಟ್ಟಗಾಗುವುದು ಕಂಡರೆ ಬೇಗನೆ ವೈದ್ಯರನ್ನು ಕಾಣಬೇಕು. ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದು ತುರ್ತು ಪರಿಸ್ಥಿತಿ; ಅಂದೇ ಆಸ್ಪತ್ರೆಗೆ ಹೋಗಿ. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ಆರಂಭಿಸಿದರೆ ಮಾತ್ರ ಹೆಚ್ಚು ಫಲ. “ಈ ಸದ್ದಿನ ಜೊತೆ ಬದುಕುವುದಕ್ಕಿಂತ...” ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಿವಿಯೊಳಗಿನ ಸದ್ದನ್ನು ಇನ್ನೊಬ್ಬರು ಕೇಳಲಾರರು. ಆ ಸದ್ದನ್ನು ಕುರಿತು ರೋಗಿ ಹೇಳುವುದನ್ನಾದರೂ ಮನೆಯವರು, ವೈದ್ಯರು ಸರಿಯಾಗಿ ಕೇಳಬೇಕು. ಅದಕ್ಕೆ ಮೊದಲ ಹೆಜ್ಜೆ, ಪ್ರಶ್ನೆಯನ್ನು ಅವರ ಮಾತಿನಲ್ಲಿ ಕೇಳುವುದು.